ಅಲನ್ ಪೇಜ್ ಅವರ ವೃತ್ತಿಜೀವನ 1981ಕ್ಕೆ ಮುಗಿಯಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ಸಂದರ್ಭದಲ್ಲಿ ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದಿಗ್ಗಜರನ್ನು ಪರಿಚಯಿಸುವ ಬರಹವೊಂದು ಪ್ರಕಟವಾಗಿತ್ತು. ಕ್ರಿಕೆಟ್ಟಿಗೇ ಜಾಗ ಸಾಲದ ಪುಟದಲ್ಲಿ ಈ ಆಟಕ್ಕೂ ಅರ್ಧ ಪುಟ ಒದಗಿಸಿದ್ದಕ್ಕಾಗಿ, ಮಿನ್ನೆಸೋಟದಲ್ಲಿ ನೆಲೆಸಿ ನಿಮ್ಮ ಪತ್ರಿಕೆಯನ್ನು ದಿನವೂ ಅಂತರ್ಜಾಲದಲ್ಲಿ ಓದುವ ನನ್ನಂಥವರ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ಆದರೆ ಅಲ್ಲಿ ಹೆಸರಿಸಿದವರಲ್ಲಿ ಬಹುತೇಕರು ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು. ರಕ್ಷಣಾ ಆಟಗಾರರ ಪಾಲಿಗೆ ಉಳಿದದ್ದು ಕೊನೆಯ ಒಂದು ಪ್ಯಾರಾ ಮಾತ್ರ. ಅದರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಅಲನ್ ಪೇಜ್ ಅವರ ಬಗ್ಗೆ ಇದ್ದದ್ದು, ಅವರು 15 ಋತುಗಳ ಕಾಲ ಆಡಿದರು, ನಾಲ್ಕು ಸೂಪರ್ ಬೌಲ್‌ಗಳಲ್ಲಿ ಸೋತರು, 1981ರಲ್ಲಿ ನಿವೃತ್ತರಾದರು ಎಂಬ ಒಂದೇ ವಾಕ್ಯ. ಆ ವಾಕ್ಯದಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೂ ಅದನ್ನು ಓದಿದವರು ಪೇಜ್ ಅವರನ್ನು ಗೆಲುವು ಕಾಣದೆ ಮರೆಗೆ ಸರಿದ ಒಬ್ಬ ಆಟಗಾರ ಎಂದೇ ತಿಳಿಯುತ್ತಾರೆ. ಮೈದಾನದಲ್ಲಿದ್ದಾಗಲೇ ಅವರು ಮುಂದಿನ ಬದುಕಿಗೆ ಅಡಿಪಾಯ ಹಾಕಿಕೊಂಡ ಬಗೆ, ಅದಕ್ಕಾಗಿ ತೆತ್ತ ಬೆಲೆ, ಆಮೇಲೆ ಏರಿದ ಎತ್ತರ ಇವನ್ನು ಬಿಟ್ಟರೆ ಅವರ ಆಟದ ವೃತ್ತಿಯೂ ಪೂರ್ತಿಯಾಗಿ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಈ ದೀರ್ಘ ಪತ್ರ.

ಈ ಆಟವನ್ನು ನೋಡಿ ಅಭ್ಯಾಸವಿಲ್ಲದ ಓದುಗರಿಗಾಗಿ ಮೊದಲು ಅವರು ಆಡುತ್ತಿದ್ದ ಸ್ಥಾನದ ವಿಚಾರ ಹೇಳಬೇಕು. ಎರಡೂ ಕಡೆ ತಲಾ 11 ಆಟಗಾರರಿರುತ್ತಾರೆ. ಚೆಂಡು ಹೊಂದಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿದ್ದು, ಅಷ್ಟರಲ್ಲಿ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಪ್ರತಿ ಬಾರಿಯೂ ಎರಡು ಸಾಲುಗಳು ಎದುರುಬದುರಾಗಿ, ನೆಲಕ್ಕೆ ಕೈಯೂರಿ ಬಾಗಿ ನಿಲ್ಲುತ್ತವೆ. ಚೆಂಡು ಕೈಸೇರಿದ ಮೇಲೆ ಅದನ್ನು ಎಸೆಯುವುದಕ್ಕೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಸಮಯ ಎರಡು ಮೂರು ಸೆಕೆಂಡು. ಅಷ್ಟರೊಳಗೆ, ತನ್ನನ್ನು ತಡೆಯಲೆಂದೇ ನಿಂತ ಒಬ್ಬರನ್ನೋ ಇಬ್ಬರನ್ನೋ ದಾಟಿ ಹೋಗಿ ಅವನನ್ನು ಕೆಡವಬೇಕಾದ ರಕ್ಷಣಾ ಸಾಲಿನವರಲ್ಲಿ, ನಡುವೆ ನಿಲ್ಲುವವನೇ ಡಿಫೆನ್ಸಿವ್ ಟ್ಯಾಕಲ್. ಅಂಚಿನಲ್ಲಿ ನಿಲ್ಲುವವರಿಗೆ ಸುತ್ತಿ ಬಳಸಿ ಹೋಗಲು ಜಾಗವಿರುತ್ತದೆ. ನಡುವೆ ನಿಂತವನಿಗೆ ಅದಿಲ್ಲ. ಆದ್ದರಿಂದ ಆ ಕಾಲದಲ್ಲಿ ಈ ಸ್ಥಾನಕ್ಕೆ ಮೈಭಾರ ಹೆಚ್ಚಿರುವ, ಜಗ್ಗದೆ ನಿಲ್ಲಬಲ್ಲ ಆಳುಗಳನ್ನೇ ಹುಡುಕುತ್ತಿದ್ದರು. ಪೇಜ್ ಅವರು ಆರಡಿ ನಾಲ್ಕಂಗುಲ ಎತ್ತರದವರಾಗಿದ್ದರೂ ಅವರ ತೂಕ ಸುಮಾರು 245 ಪೌಂಡ್, ಅಂದರೆ 111 ಕೆ.ಜಿ. ಅವರು ನೆಚ್ಚಿದ್ದು ವೇಗವನ್ನು. ಕಬಡ್ಡಿಯಲ್ಲಿ ರೈಡರ್‌ನ ಹೆಜ್ಜೆ ಎತ್ತ ಬೀಳುತ್ತದೆಂಬುದನ್ನು ಮೊದಲೇ ಅರಿತು ಪಾದಕ್ಕೆ ಎರಗುವ ಮೂಲೆಯ ಆಟಗಾರನನ್ನು ಕಂಡವರಿಗೆ ಅವರ ಆಟದ ಬಗೆ ತಿಳಿದೀತು. ಹಳೆಯ ದೃಶ್ಯಗಳನ್ನು ಈಗಲೂ ನೋಡಬಹುದು: ಚೆಂಡು ಕದಲಿದ ಮರುಕ್ಷಣ, ಎದುರಿನ ತಡೆಗಾರ ಇನ್ನೂ ಮೊಣಕಾಲು ನೇರ ಮಾಡುತ್ತಿರುವಾಗಲೇ, 88ನೆಯ ಸಂಖ್ಯೆಯ ನೇರಳೆ ಅಂಗಿ ಅವನ ಭುಜದ ಪಕ್ಕದಿಂದ ತೂರಿ ಆಚೆ ಹೋಗಿರುತ್ತದೆ. ಕೈ ಹಾಕುವುದಕ್ಕೆ ಅವನಿಗೆ ಏನೂ ಸಿಕ್ಕಿರುವುದಿಲ್ಲ.

1967ರಲ್ಲಿ ವೈಕಿಂಗ್ಸ್ ತಂಡ ಅವರನ್ನು ಆಯ್ಕೆ ಮಾಡಿಕೊಂಡಿತು. ಕೆಲವೇ ಪಂದ್ಯಗಳಲ್ಲಿ ಅವರು ಖಾಯಂ ಆಟಗಾರರಾದರು. ಕಾರ್ಲ್ ಎಲರ್, ಗ್ಯಾರಿ ಲಾರ್ಸೆನ್, ಜಿಮ್ ಮಾರ್ಷಲ್ ಅವರೊಂದಿಗೆ ಪೇಜ್ ಸೇರಿದ ಮುಂಚೂಣಿಯ ಆ ನಾಲ್ವರಿಗೆ ಅಭಿಮಾನಿಗಳು ‘ಪರ್ಪಲ್ ಪೀಪಲ್ ಈಟರ್ಸ್’ ಎಂದು ಹೆಸರಿಟ್ಟರು. ‘ಕ್ವಾರ್ಟರ್‌ಬ್ಯಾಕ್ ಹತ್ತಿರ ಭೇಟಿಯಾಗೋಣ’ ಎಂಬುದು ಅವರ ತಮ್ಮತಮ್ಮೊಳಗಿನ ಘೋಷವಾಕ್ಯ. ಬಡ್ ಗ್ರಾಂಟ್ ಅವರ ತರಬೇತಿಯಲ್ಲಿ ಆ ತಂಡ 1969ರ ಋತುವಿನ 14 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ. ಬ್ಲೂಮಿಂಗ್ಟನ್‌ನ ಮೆಟ್ರೊಪಾಲಿಟನ್ ಕ್ರೀಡಾಂಗಣಕ್ಕೆ ಚಾವಣಿ ಇರಲಿಲ್ಲ, ಡಿಸೆಂಬರಿನಲ್ಲಿ ಅಲ್ಲಿನ ನೆಲ ಕಲ್ಲಾಗುತ್ತಿತ್ತು. ಇಲ್ಲಿನ ಚಳಿಗಾಲವನ್ನು ಕಂಡ ನನಗೆ ಬರಿಗೈಯನ್ನು ಅಂಥ ನೆಲಕ್ಕೂರಿ ನಿಲ್ಲುವುದು ಹೇಗಿರುತ್ತದೆಂದು ಊಹಿಸಿಕೊಳ್ಳುವುದೇ ಕಷ್ಟ. ಅವರ ಒಂದು ಕಿರುಬೆರಳು ಆಟದಲ್ಲಿ ಮತ್ತೆ ಮತ್ತೆ ಕೀಲು ತಪ್ಪಿ, ಇಂದಿಗೂ ಉಳಿದ ಬೆರಳುಗಳಿಗೆ ಅಡ್ಡಲಾಗಿ, ಮೂಲೆಮಟ್ಟದಂತೆ ಹೊರಕ್ಕೆ ಚಾಚಿಕೊಂಡಿದೆ. ಅದನ್ನು ನೋಡಿ ಮಕ್ಕಳು ಕೇಳುತ್ತಿದ್ದ ಪ್ರಶ್ನೆಗಳಿಂದಲೇ ಮುಂದೆ ತಮ್ಮ ಮಗಳೊಂದಿಗೆ ಸೇರಿ ಅವರು ಒಂದು ಮಕ್ಕಳ ಪುಸ್ತಕವನ್ನೂ ಬರೆದರು.

1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪೇಜ್ ಅವರಿಗೆ ಬಂತು. ರಕ್ಷಣಾ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು. ಆಮೇಲೆ 1986ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಅವರಿಗೆ ಸಂದಿತು. ಈ ಇಬ್ಬರನ್ನು ಬಿಟ್ಟರೆ ಬೇರೆ ಯಾವ ರಕ್ಷಣಾ ಆಟಗಾರನೂ ಅದನ್ನು ಪಡೆದಿಲ್ಲ. ನಿಮ್ಮ ಬರಹದಲ್ಲಿ ಈ ಸಂಗತಿಗೆ ಜಾಗ ಸಿಗದೆ ನಾಲ್ಕು ಸೋಲುಗಳಿಗೆ ಸಿಕ್ಕಿದ್ದು ನನಗೆ ಬೇಸರ ತಂದಿತು. ಸೋಲುಗಳು ನಿಜ: 1970ರ ಜನವರಿಯಲ್ಲಿ ಕಾನ್ಸಸ್ ಸಿಟಿ ವಿರುದ್ಧ 7–23, 1974ರಲ್ಲಿ ಮಯಾಮಿ ವಿರುದ್ಧ 7–24, 1975ರಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 6–16, 1977ರಲ್ಲಿ ಓಕ್‌ಲ್ಯಾಂಡ್ ವಿರುದ್ಧ 14–32. ಮೊದಲ ಮೂರು ಪಂದ್ಯಗಳಲ್ಲಿ ವೈಕಿಂಗ್ಸ್ ಗಳಿಸಿದ ಅಂಕಗಳನ್ನೆಲ್ಲ ಕೂಡಿಸಿದರೂ 20 ಆಗುತ್ತದೆ. ಸೋಲಿನ ಹೊಣೆ ರಕ್ಷಣಾ ಸಾಲಿನದು ಮಾತ್ರವಲ್ಲ ಎಂಬುದಕ್ಕೆ ಈ ಅಂಕಗಳನ್ನು ನೋಡಿದರೆ ಸಾಕು.

ರಕ್ಷಣಾ ಆಟಗಾರರಿಗೆ ಆಗುವ ಅನ್ಯಾಯದಲ್ಲಿ ದಾಖಲೆಯ ಪಾಲೂ ಇದೆ. ಕ್ವಾರ್ಟರ್‌ಬ್ಯಾಕ್ ಎಸೆದ ಪ್ರತಿಯೊಂದು ಚೆಂಡಿನ ಲೆಕ್ಕ ದಶಕಗಳ ಹಿಂದಿನಿಂದಲೂ ಇದೆ. ಆದರೆ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವ ‘ಸ್ಯಾಕ್’ ಅನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ, ಅಂದರೆ ಪೇಜ್ ಅವರು ಆಟ ಬಿಟ್ಟ ಮರುವರ್ಷ. ಹೀಗಾಗಿ ಅಧಿಕೃತ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಂದೂ ಸ್ಯಾಕ್ ಇಲ್ಲ. ಹಳೆಯ ಪಂದ್ಯಗಳ ಕಡತಗಳನ್ನು ಶ್ರಮವಹಿಸಿ ಶೋಧಿಸಿದ ಆಸಕ್ತರು ಅವರ ಖಾತೆಗೆ 148.5 ಸ್ಯಾಕ್‌ಗಳನ್ನು ಸೇರಿಸಿದ್ದಾರೆ. ಅದು ಇಂದಿಗೂ ಅನಧಿಕೃತ ಲೆಕ್ಕ. ಎದುರಾಳಿ ಒದ್ದ ಚೆಂಡನ್ನು ಅವರು 28 ಬಾರಿ ತಡೆದರೆಂಬುದು, ಒಂದೂ ಪಂದ್ಯ ತಪ್ಪಿಸಿಕೊಳ್ಳದೆ ಸತತ 218 ಪಂದ್ಯಗಳನ್ನು ಆಡಿದರೆಂಬುದು ಮಾತ್ರ ನಿರ್ವಿವಾದ. ಪ್ರತಿ ವಾರ ಮೈಯೊಡ್ಡಿ ಡಿಕ್ಕಿ ಹೊಡೆಯುವ ಕೆಲಸದಲ್ಲಿ 15 ವರ್ಷ ಗೈರುಹಾಜರಾಗದೆ ಉಳಿಯುವುದು ಎಂಥ ಸಾಧನೆ ಎಂಬುದನ್ನು ಓದುಗರೇ ಯೋಚಿಸಲಿ.

ಇನ್ನು ಮೈದಾನದ ಹೊರಗಿನ ಮಾತು. ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನ ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ. ಶಾಲೆಗಳಲ್ಲಿ ಬಿಳಿಯರು ಕರಿಯರೆಂದು ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ ಅವರಿಗೆ ಎಂಟು ವರ್ಷ. ಕಾನೂನಿಗೆ ಇಷ್ಟು ಶಕ್ತಿಯಿದೆ ಎಂಬ ಅರಿವು ಆಗಲೇ ಮೂಡಿತೆಂದು, ವಕೀಲನಾಗಬೇಕೆಂಬ ಆಸೆ ನಾಲ್ಕನೆಯ ತರಗತಿಯಷ್ಟು ಹಿಂದಿನದೆಂದು ಅವರು ಅನೇಕ ಬಾರಿ ಹೇಳಿದ್ದಾರೆ. ತಾಯಿ ತೀರಿಕೊಂಡಾಗ ಅವರಿನ್ನೂ 13 ವರ್ಷದ ಹುಡುಗ. ವೃತ್ತಿಪರ ಫುಟ್‌ಬಾಲ್‌ನ ದಿಗ್ಗಜರ ಗೌರವಸೌಧವಾದ ಹಾಲ್ ಆಫ್ ಫೇಮ್ 1963ರಲ್ಲಿ ಅದೇ ಕ್ಯಾಂಟನ್‌ನಲ್ಲಿ ಉದ್ಘಾಟನೆಯಾಯಿತು. ಅದರ ಕಟ್ಟಡದ ಕೆಲಸಕ್ಕೆ ದಿನಗೂಲಿಗೆ ಹೋಗಿದ್ದ ಹದಿಹರೆಯದ ಹುಡುಗರಲ್ಲಿ ಪೇಜ್ ಅವರೂ ಒಬ್ಬರು. ಮುಂದೆ ನಾಟರ್ ಡೇಮ್ ವಿಶ್ವವಿದ್ಯಾಲಯದ ಪರ ಆಡಿ, 1966ರ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿದ್ದು, ಮರುವರ್ಷ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು.

ವೈಕಿಂಗ್ಸ್ ಸೇರಿದ ಹೊಸದರಲ್ಲಿ ಸೇಂಟ್ ಪಾಲ್ ನಗರದ ಕಾನೂನು ಕಾಲೇಜೊಂದಕ್ಕೆ ಸೇರಿದ್ದ ಅವರು ಕೆಲವೇ ವಾರಗಳಲ್ಲಿ ಬಿಟ್ಟುಬಿಟ್ಟರು. ಮತ್ತೆ ಆ ಕಡೆ ಮುಖ ಮಾಡಿದ್ದು 1975ರಲ್ಲಿ, 30ರ ಹತ್ತಿರ ಬಂದಾಗ. ಈ ನಡುವಿನ ವರ್ಷಗಳಲ್ಲಿ ಅವರನ್ನು ಕಾನೂನಿನತ್ತ ಮರಳಿ ಎಳೆದದ್ದರಲ್ಲಿ ಆಟಗಾರರ ಸಂಘದ ಕೆಲಸಕ್ಕೂ ಪಾಲಿದೆ ಎಂದು ನನ್ನ ಭಾವನೆ. ತಂಡದ ಪ್ರತಿನಿಧಿಯಾಗಿ, 1972ರಿಂದ 1975ರವರೆಗೆ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿ ಅವರು ದುಡಿದರು. ಒಪ್ಪಂದ ಮುಗಿದ ಆಟಗಾರನಿಗೂ ತನ್ನಿಷ್ಟದ ತಂಡ ಸೇರುವ ಸ್ವಾತಂತ್ರ್ಯವಿಲ್ಲದ ಕಾಲ ಅದು. 1974ರ ಬೇಸಿಗೆಯಲ್ಲಿ ಆಟಗಾರರು ‘ಸ್ವಾತಂತ್ರ್ಯವಿಲ್ಲದಿದ್ದರೆ ಫುಟ್‌ಬಾಲೂ ಇಲ್ಲ’ ಎಂದು ಮುಷ್ಕರ ಹೂಡಿದ್ದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಸೇರಿದ ಪೇಜ್, ಒಂದು ಕಡೆ ವೃತ್ತಿಪರ ಲೀಗ್‌ನಲ್ಲಿ ಆಡುತ್ತ, ಇನ್ನೊಂದು ಕಡೆ ಅವರಿಗಿಂತ ಎಷ್ಟೋ ಕಿರಿಯರಾದ ಸಹಪಾಠಿಗಳ ಜೊತೆ ಕುಳಿತು ಓದಿ, 1978ರಲ್ಲಿ ಪದವಿ ಪಡೆದರು.

ಅದೇ 1978ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಹೊತ್ತಿಗೆ ಪೇಜ್ ಅವರು ದೂರದ ಓಟವನ್ನು ಮೈಗೂಡಿಸಿಕೊಂಡಿದ್ದರು. ಹೆಂಡತಿ ಡಯಾನ್ ಧೂಮಪಾನ ಬಿಡುವುದಕ್ಕಾಗಿ ಓಡಲು ಶುರುಮಾಡಿದ್ದರು, ಅವರೊಂದಿಗೆ ಇವರೂ ಸೇರಿಕೊಂಡರು. ದಿನವೂ ಮೈಲುಗಟ್ಟಲೆ ಓಡುತ್ತಿದ್ದವರ ತೂಕ ಸಹಜವಾಗಿಯೇ ಇಳಿಯಿತು. ತಮ್ಮ ಆಟ ನಿಂತಿರುವುದೇ ವೇಗದ ಮೇಲೆ, ಓಟದಿಂದ ದೇಹ ಇನ್ನಷ್ಟು ಹದವಾಗಿದೆ ಎಂಬುದು ಅವರ ವಾದ. ಈ ತೂಕದ ಆಳು ನಡುಸಾಲಿನಲ್ಲಿ ನಿಲ್ಲಲಾರ ಎಂಬುದು ತಂಡದ ತೀರ್ಮಾನ. ಋತುವಿನ ಮಧ್ಯದಲ್ಲೇ, ತಂಡಕ್ಕಾಗಿ 160 ಪಂದ್ಯಗಳನ್ನು ಆಡಿದ್ದ ಮಾಜಿ ಅತ್ಯಮೂಲ್ಯ ಆಟಗಾರನನ್ನು ವೈಕಿಂಗ್ಸ್ ಕೈಬಿಟ್ಟಿತು. ಹೀಗೆ ಬಿಟ್ಟ ಆಟಗಾರನನ್ನು ಬೇರೆ ತಂಡ ತೆಗೆದುಕೊಳ್ಳಬೇಕಾದರೆ ನಿಯಮದ ಪ್ರಕಾರ ಕಟ್ಟಬೇಕಾಗಿದ್ದ ಶುಲ್ಕ 100 ಡಾಲರ್. ಶಿಕಾಗೊ ಬೇರ್ಸ್ ತಂಡ ಆ 100 ಡಾಲರ್ ಕಟ್ಟಿ ಅವರನ್ನು ಕರೆದುಕೊಂಡಿತು.

ಆಮೇಲೆ ಪೇಜ್ ಶಿಕಾಗೊ ಪರ ಸತತ 58 ಪಂದ್ಯಗಳನ್ನು ಆಡಿದರು. ಅನಧಿಕೃತ ಲೆಕ್ಕದ 148.5 ಸ್ಯಾಕ್‌ಗಳಲ್ಲಿ 40 ಬಂದದ್ದು ಈ ‘ಕೈಲಾಗದ’ ವರ್ಷಗಳಲ್ಲಿ. ಸಕ್ರಿಯ ಆಟಗಾರನಾಗಿರುವಾಗಲೇ ಪೂರ್ಣ ಮ್ಯಾರಥಾನ್ ಓಡಿದ ಲೀಗ್‌ನ ಮೊದಲ ಆಟಗಾರ ಎಂಬ ಹೆಗ್ಗಳಿಕೆಯೂ ಈ ಕಾಲದ್ದೇ. ಅಷ್ಟೇ ಅಲ್ಲ, 1979ರಲ್ಲಿ ವಕೀಲಿಕೆಗೆ ಪರವಾನಗಿ ಪಡೆದು ಮಿನಿಯಾಪೊಲಿಸ್‌ನ ವಕೀಲರ ಸಂಸ್ಥೆಯೊಂದನ್ನು ಸೇರಿದ್ದೂ ಶಿಕಾಗೊ ಪರ ಆಡುತ್ತಿರುವಾಗಲೇ. ತಂಡದ ತೀರ್ಮಾನದ ಹಿಂದೆ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಬಡ್ ಗ್ರಾಂಟ್ ಈ ರಾಜ್ಯದ ಜನ ಇಂದಿಗೂ ಗೌರವಿಸುವ ತರಬೇತುದಾರರು. ಆದರೆ ತೂಕದ ಯಂತ್ರ ತೋರಿಸಿದ ಸಂಖ್ಯೆಯನ್ನು ನಂಬಿ, ಎದುರಿಗಿದ್ದ ಆಟಗಾರ ತನ್ನ ದೇಹವನ್ನೂ ಬುದ್ಧಿಯನ್ನೂ ಮುಂದಿನ 30 ವರ್ಷಕ್ಕೆ ಸಿದ್ಧಪಡಿಸಿಕೊಳ್ಳುತ್ತಿದ್ದುದನ್ನು ಗಮನಿಸದೆ ಹೋದದ್ದು ದೊಡ್ಡ ತಪ್ಪು ಎಂದೇ ನಾನು ಭಾವಿಸುತ್ತೇನೆ. ರಕ್ಷಣಾ ಸಾಲಿನ ಆಟಗಾರನೆಂದರೆ ಇಷ್ಟು ಕೆ.ಜಿ. ತೂಕದ ತಡೆಗೋಡೆ ಎಂಬ ಎಣಿಕೆ ತಂಡಗಳಲ್ಲಿ ಮಾತ್ರವಲ್ಲ, ವರದಿ ಬರೆಯುವವರಲ್ಲೂ ಇದೆ.

ಆಟ ಮತ್ತು ಓದಿನ ಸಂಬಂಧದ ಬಗ್ಗೆ ಪೇಜ್ ಅವರು ಹೇಳಿರುವ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಪ್ರತಿ ತಂಡಕ್ಕೂ ತಂತ್ರಗಳನ್ನೆಲ್ಲ ವಿವರಿಸುವ ದಪ್ಪ ಕೈಪಿಡಿ ಇರುತ್ತದೆ. ಒಮ್ಮೆ ರಕ್ಷಣಾ ಸಾಲಿನವರ ಸಭೆಯಲ್ಲಿ ಅದರಿಂದ ಒಬ್ಬೊಬ್ಬರೂ ಸರದಿಯಂತೆ ಗಟ್ಟಿಯಾಗಿ ಓದಬೇಕೆಂದು ಹೇಳಲಾಯಿತಂತೆ. ಕೆಲವರು ಸರಾಗವಾಗಿ ಓದಿದರು, ಕೆಲವರು ತಡವರಿಸಿದರು, ಇನ್ನು ಕೆಲವರಿಗೆ ಓದಲು ಬರಲೇ ಇಲ್ಲ. ಎಲ್ಲರೂ ಕಾಲೇಜುಗಳಲ್ಲಿ ವರ್ಷಗಟ್ಟಲೆ ಆಡಿ ಬಂದವರು. ಅವರು ದಡ್ಡರಲ್ಲ, ಆಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗೆ ಒಬ್ಬರಾದ ಮೇಲೊಬ್ಬರು ಅವರನ್ನು ಕಲಿಸದೆಯೇ ಮುಂದಕ್ಕೆ ತಳ್ಳಿದ್ದರು. ತನ್ನ ಪಕ್ಕದಲ್ಲಿ ಕುಳಿತವನ ಕೈಯಲ್ಲಿ ಪುಟ ತೆರೆದಿದ್ದು ಬಾಯಿಂದ ಮಾತು ಹೊರಡದ ಆ ಗಳಿಗೆಯನ್ನು ಅವರು ಮರೆಯಲಿಲ್ಲ.

1988ರಲ್ಲಿ ಹಾಲ್ ಆಫ್ ಫೇಮ್ ಸೇರುವ ಗೌರವ ಬಂದಾಗ ಅದರ ಪರಿಣಾಮ ಕಂಡಿತು. ಆ ಸಮಾರಂಭದಲ್ಲಿ ಗೌರವಿತರನ್ನು ಪರಿಚಯಿಸಿ ವೇದಿಕೆಗೆ ಕರೆಯುವವರು ಸಾಮಾನ್ಯವಾಗಿ ಹಳೆಯ ತರಬೇತುದಾರರೋ ಸಹ ಆಟಗಾರರೋ ಆಗಿರುತ್ತಾರೆ. ಪೇಜ್ ಆರಿಸಿಕೊಂಡದ್ದು ಮಿನಿಯಾಪೊಲಿಸ್‌ನ ಪ್ರೌಢಶಾಲೆಯೊಂದರ ಪ್ರಾಂಶುಪಾಲೆ ವಿಲ್ಲಾರೀನ್ ಬೀಸ್ಲಿ ಅವರನ್ನು. ತಾವು ಹದಿಹರೆಯದಲ್ಲಿ ಕೂಲಿ ಮಾಡಿದ್ದ ಕಟ್ಟಡದ ಮೆಟ್ಟಿಲ ಮೇಲೆ ನಿಂತು, ತಮ್ಮ ಸ್ಯಾಕ್‌ಗಳ ಬದಲು ಕಪ್ಪು ಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಿದರು. ಅದೇ ವರ್ಷ ಡಯಾನ್ ಅವರೊಂದಿಗೆ ಪೇಜ್ ಎಜುಕೇಷನ್ ಫೌಂಡೇಷನ್ ಸ್ಥಾಪಿಸಿದರು.

ಈ ಪ್ರತಿಷ್ಠಾನದ ವಿದ್ಯಾರ್ಥಿವೇತನದ ಷರತ್ತನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಮಿನ್ನೆಸೋಟದ ಕಪ್ಪು ಮತ್ತು ಇತರ ಬಿಳಿಯೇತರ ಸಮುದಾಯಗಳ ವಿದ್ಯಾರ್ಥಿಗಳಿಗೆ ಕಾಲೇಜು ಓದಿಗಾಗಿ ಸಿಗುವ ನೆರವು ಇದು. ಪಡೆದವರು ವರ್ಷಕ್ಕೆ ಕನಿಷ್ಠ 50 ಗಂಟೆ ಕಾಲ, ಎಂಟನೆಯ ತರಗತಿಯೊಳಗಿನ ಮಕ್ಕಳ ಜೊತೆ ಕುಳಿತು ಓದು ಬರಹ ಕಲಿಸಬೇಕು, ಅವರಿಗೆ ಮಾರ್ಗದರ್ಶನ ಮಾಡಬೇಕು. ಅಂಕ ಹೆಚ್ಚಿದವರಿಗಷ್ಟೇ ಎಂಬ ಕಟ್ಟುಪಾಡಿಲ್ಲ. ಹಣ ಪಡೆದ ಯುವಕ ಯುವತಿಯರು ತಮ್ಮದೇ ಬೀದಿಯ, ತಮ್ಮದೇ ಬಣ್ಣದ ಪುಟ್ಟ ಮಕ್ಕಳ ಪಕ್ಕದಲ್ಲಿ ಕುಳಿತಾಗ, ಕಾಲೇಜು ಎಂಬುದು ತಮಗೂ ಎಟುಕುತ್ತದೆ ಎಂದು ಆ ಮಕ್ಕಳಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಮೂರು ದಶಕಗಳನ್ನು ಮೀರಿ ನಡೆದು ಬಂದಿರುವ ಈ ವ್ಯವಸ್ಥೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಓದಿದ್ದಾರೆ. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ, ಸಮುದಾಯದ ಹಾಸ್ಟೆಲ್‌ಗಳಲ್ಲಿ ಉಂಡು ಓದಿದ ತಲೆಮಾರುಗಳನ್ನು ಕಂಡಿರುವ ಕರ್ನಾಟಕದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ವಕೀಲರಾಗಿ ಕೆಲವು ವರ್ಷ ಕೆಲಸ ಮಾಡಿ, 1985ರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿದ್ದ ಪೇಜ್, 1992ರಲ್ಲಿ ಮಿನ್ನೆಸೋಟ ಸುಪ್ರೀಂ ಕೋರ್ಟ್‌ಗೆ ಸ್ಪರ್ಧಿಸಲು ಮುಂದಾದರು. ಇಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳು ಆರು ವರ್ಷಗಳ ಅವಧಿಗೆ ಜನರ ಮತದಿಂದ ಆಯ್ಕೆಯಾಗುತ್ತಾರೆ ಎಂಬುದು ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು. ಆ ವರ್ಷ ಅವಧಿ ಮುಗಿಯಲಿದ್ದ ನ್ಯಾಯಮೂರ್ತಿಯೊಬ್ಬರಿಗೆ ಗವರ್ನರ್ ಅವಧಿ ವಿಸ್ತರಣೆ ಕೊಟ್ಟಿದ್ದರಿಂದ ಆ ಸ್ಥಾನಕ್ಕೆ ಚುನಾವಣೆಯೇ ಇಲ್ಲವೆಂದಾಯಿತು. ಜನರ ಮತದ ಹಕ್ಕನ್ನು ಹೀಗೆ ಕಿತ್ತುಕೊಳ್ಳಲಾಗದು ಎಂದು ಪೇಜ್ ದಾವೆ ಹೂಡಿದರು. ತಮ್ಮದೇ ಸಹೋದ್ಯೋಗಿಯ ಸ್ಥಾನದ ಪ್ರಶ್ನೆಯಾದ್ದರಿಂದ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳು ವಿಚಾರಣೆಯಿಂದ ಹಿಂದೆ ಸರಿದರು, ಬದಲಿ ಪೀಠವೊಂದು ವಿಚಾರಣೆ ನಡೆಸಿ ಪೇಜ್ ಪರ ತೀರ್ಪು ಕೊಟ್ಟಿತು. ಚುನಾವಣೆ ನಡೆಯಿತು, ಅವರು ಗೆದ್ದರು. 1993ರ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿ, ಈ ರಾಜ್ಯದ ಸುಪ್ರೀಂ ಕೋರ್ಟ್‌ನ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿಯಾದರು. 1998, 2004, 2010ರಲ್ಲಿ ಜನ ಅವರನ್ನು ಮತ್ತೆ ಮತ್ತೆ ಆರಿಸಿದರು. ಕಡ್ಡಾಯ ನಿವೃತ್ತಿಯ ವಯಸ್ಸಾದ 70 ತುಂಬಿದ 2015ರ ಆಗಸ್ಟ್‌ನಲ್ಲಿ ಪೀಠದಿಂದ ಇಳಿದರು. ಲೆಕ್ಕ ಹಾಕಿದರೆ, ಫುಟ್‌ಬಾಲ್ ಆಡಿದ್ದಕ್ಕಿಂತ ಏಳು ವರ್ಷ ಹೆಚ್ಚು ಕಾಲ ಅವರು ನ್ಯಾಯಮೂರ್ತಿಯಾಗಿದ್ದರು.

ಮುಖ್ಯವಾಹಿನಿಯ ಪ್ರಶಸ್ತಿಗಳ ವಿಚಾರವನ್ನು ಬೇಗನೆ ಮುಗಿಸುತ್ತೇನೆ. 2018ರ ನವೆಂಬರ್‌ನಲ್ಲಿ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಸಂದಿತು. ಡಯಾನ್ ತೀರಿಕೊಂಡು ಆಗ ಕೆಲವೇ ವಾರಗಳಾಗಿದ್ದವು. ಅದೇ ವರ್ಷದ ಆರಂಭದಲ್ಲಿ ಆ ದಂಪತಿ ಬಹುಕಾಲದಿಂದ ಸಂಗ್ರಹಿಸಿದ್ದ ವಸ್ತುಗಳ ಪ್ರದರ್ಶನವನ್ನು ಮಿನಿಯಾಪೊಲಿಸ್‌ನ ಕೇಂದ್ರ ಗ್ರಂಥಾಲಯದಲ್ಲಿ ನೋಡಿದ್ದೆ. ಕರಿಯರಿಗೆ ಬೇರೆ ಜಾಗವೆಂದು ಸಾರುವ ಹಳೆಯ ಫಲಕಗಳು, ಅಬ್ರಹಾಂ ಲಿಂಕನ್ ಅವರ ಅಂತ್ಯಯಾತ್ರೆಯ ಕಾಲದ, ‘ಅಂಕಲ್ ಏಬ್, ನಿಮ್ಮನ್ನು ನಾವು ಮರೆಯೆವು’ ಎಂದು ಬರೆದ ಬ್ಯಾನರ್ ಅಲ್ಲಿದ್ದವು. ಶಾಲಾ ಮಕ್ಕಳ ಗುಂಪೊಂದು ಆ ಬ್ಯಾನರ್ ಮುಂದೆ ನಿಂತು ಅದನ್ನು ಅಕ್ಷರ ಅಕ್ಷರವಾಗಿ ಓದುತ್ತಿತ್ತು. ಇಲ್ಲಿನವರಿಗೆ ಪೇಜ್ ದೂರದ ದಂತಕಥೆಯಲ್ಲ ಎನ್ನುವುದಕ್ಕೆ ಇನ್ನೊಂದು ಮಾತು. ಅಕ್ಟೋಬರ್ ಮೊದಲ ಭಾನುವಾರ ಮಿನಿಯಾಪೊಲಿಸ್‌ನಿಂದ ಸೇಂಟ್ ಪಾಲ್‌ಗೆ ನಡೆಯುವ ಮ್ಯಾರಥಾನ್‌ನ ದಿನ ಅವರು ರಸ್ತೆಯ ಬದಿಯಲ್ಲಿ ನಿಂತು, ಓಡುವವರ ಹುಮ್ಮಸ್ಸಿಗಾಗಿ ಟ್ಯೂಬಾ ಎಂಬ ದೊಡ್ಡ ತುತ್ತೂರಿ ಊದುವುದನ್ನು ಈ ಊರಿನ ಜನ ವರ್ಷಗಳಿಂದ ಕಂಡಿದ್ದಾರೆ.

ಎಲ್ಲ ರಕ್ಷಣಾ ಆಟಗಾರರ ಬದುಕೂ ಹೀಗೆಯೇ ಸಾಗುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಪೇಜ್ ಅವರಂತೆಯೇ ನಾಟರ್ ಡೇಮ್‌ನಲ್ಲಿ ಓದಿ, ಅವರು ಬಿಟ್ಟ ನಂತರ ಶಿಕಾಗೊ ಬೇರ್ಸ್ ಸೇರಿ, ಆಟಗಾರರ ಸಂಘದಲ್ಲೂ ದುಡಿದ ಡೇವ್ ಡ್ಯೂರ್ಸನ್ 2011ರಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತಮ್ಮ ಮಿದುಳನ್ನು ಸಂಶೋಧನೆಗೆ ಕೊಡಬೇಕೆಂದು ಅವರು ಬರೆದಿಟ್ಟಿದ್ದರು. ತಲೆಗೆ ಪದೇಪದೇ ಬೀಳುವ ಪೆಟ್ಟಿನಿಂದ ಉಂಟಾಗುವ ಮಿದುಳಿನ ಕಾಯಿಲೆ ಅವರಿಗಿದ್ದುದು ಪರೀಕ್ಷೆಯಲ್ಲಿ ದೃಢಪಟ್ಟಿತು. ಓದಿದವರು, ತಿಳಿದವರು, ಸಂಘಟಕರು ಎಂಬ ಯಾವುದೂ ಅವರನ್ನು ಕಾಯಲಿಲ್ಲ. ಪೇಜ್ ಅವರ ಯಶಸ್ಸಿನಲ್ಲಿ ಅವರ ಶಿಸ್ತಿನ ಜೊತೆ ಅದೃಷ್ಟಕ್ಕೂ ಪಾಲಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆಟ ನಡೆಯುತ್ತಿರುವಾಗಲೇ ಓದಲು, ಬೇರೆ ಕಸುಬು ಕಲಿಯಲು ಆಟಗಾರನಿಗೆ ಇರುವ ಅವಕಾಶ ಅದೃಷ್ಟದ ವಿಷಯವಾಗಬಾರದು; ಅದನ್ನು ತಂಡಗಳು, ಲೀಗ್‌ಗಳು ಒದಗಿಸಬೇಕು, ಪತ್ರಿಕೆಗಳು ಕೇಳಬೇಕು.

ಶಿಕ್ಷಣದ ವಿಚಾರದಲ್ಲಿ ಪೇಜ್ ಅವರ ಕೆಲಸ ಇನ್ನೂ ನಿಂತಿಲ್ಲ, ಅದರಲ್ಲೊಂದು ಭಾರತದ ನಂಟೂ ಇದೆ. 2020ರಲ್ಲಿ ಅವರು ಮಿನಿಯಾಪೊಲಿಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್‌ನ ಅಧ್ಯಕ್ಷ, ಕಾಶ್ಮೀರದಿಂದ ವಲಸೆ ಬಂದ ದಂಪತಿಯ ಮಗ ನೀಲ್ ಕಶ್ಕರಿ ಅವರೊಂದಿಗೆ ಸೇರಿ, ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯೊಂದನ್ನು ಮುಂದಿಟ್ಟರು. ಈಗಿರುವ ವಿಧಿ 1857ರಷ್ಟು ಹಳೆಯದು. ಏಕರೂಪದ ಸಾರ್ವಜನಿಕ ಶಾಲಾ ವ್ಯವಸ್ಥೆಯನ್ನು ಸ್ಥಾಪಿಸುವುದು ಶಾಸನಸಭೆಯ ಕರ್ತವ್ಯ ಎಂದು ಅದು ಹೇಳುತ್ತದೆ. ಅದರ ಬದಲು, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿಯೊಂದು ಮಗುವಿನ ಮೂಲಭೂತ ಹಕ್ಕು ಎಂದು ಬರೆಯಬೇಕೆಂಬುದು ಇವರ ಬೇಡಿಕೆ. ಹಾಗಾದರೆ ಕಲಿಸದೆ ಮುಂದಕ್ಕೆ ತಳ್ಳಿದ ಮಗುವಿನ ತಾಯಿತಂದೆಯರು ನೇರವಾಗಿ ನ್ಯಾಯಾಲಯದ ಮೆಟ್ಟಿಲೇರಬಹುದು. ಇಲ್ಲಿನ ಶಿಕ್ಷಕರ ಸಂಘ ಇದನ್ನು ವಿರೋಧಿಸಿದೆ, ಶಾಲೆಗಳ ವಿಚಾರವೆಲ್ಲ ನ್ಯಾಯಾಲಯಗಳ ಪಾಲಾಗುತ್ತದೆ ಎಂಬ ಆತಂಕವೂ ಇದೆ. ಪ್ರಸ್ತಾವ ಇನ್ನೂ ಮತದಾರರ ಮುಂದೆ ಬಂದಿಲ್ಲ. ಶಿಕ್ಷಣದ ಹಕ್ಕನ್ನು 2002ರಲ್ಲಿ ಸಂವಿಧಾನಕ್ಕೇ ಸೇರಿಸಿದ ದೇಶದಿಂದ ಬಂದ ನಾನು ಈ ಬೇಡಿಕೆಯ ಪರವಾಗಿದ್ದೇನೆ. ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗದು ಎಂಬುದನ್ನು ನಮ್ಮ ಹಳ್ಳಿಯ ಶಾಲೆಗಳು ತೋರಿಸಿವೆ ನಿಜ, ಆದರೆ ಕೇಳುವುದಕ್ಕೆ ಒಂದು ನೆಲೆ ಸಿಕ್ಕಿರುವುದೂ ಅಷ್ಟೇ ನಿಜ.

ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಅವರ ಬಗ್ಗೆ ಬರೆಯುವಾಗ ಅವರು ಇಂಜಿನಿಯರಿಂಗ್ ಪದವೀಧರರು ಎಂಬುದನ್ನು, ನಿವೃತ್ತಿಯ ನಂತರ ಕ್ರಿಕೆಟ್ ಸಂಸ್ಥೆಯ ಆಡಳಿತ ವಹಿಸಿಕೊಂಡರು ಎಂಬುದನ್ನು ಕನ್ನಡ ಪತ್ರಿಕೆಗಳು ಮರೆಯದೆ ದಾಖಲಿಸುತ್ತ ಬಂದಿವೆ. ಆ ಕಾಳಜಿಯನ್ನು ಪರದೇಶದ ಆಟಗಾರರ ವಿಷಯದಲ್ಲೂ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಸೂಪರ್ ಬೌಲ್ ಹೊತ್ತಿಗಾದರೂ ಪೇಜ್ ಅವರ ಬಗ್ಗೆ ಪೂರ್ಣ ಲೇಖನವೊಂದನ್ನು ಬರೆಸಿರಿ. ಸಾಧ್ಯವಾದರೆ ಅದು ಕ್ರೀಡಾ ಪುಟದ ಬದಲು, ಹತ್ತನೆಯ ತರಗತಿಯ ಮಕ್ಕಳೂ ಅವರ ಪೋಷಕರೂ ಓದುವ ಶಿಕ್ಷಣ ಪುರವಣಿಯಲ್ಲಿ ಬರಲಿ. ಕ್ರೀಡಾ ಮೀಸಲಾತಿಯ ಸೀಟಿಗಾಗಿ ಮಕ್ಕಳನ್ನು ಓಡಿಸುವ ಮನೆಗಳಲ್ಲೂ, ಆಟವಾಡಿದರೆ ಓದು ಕೆಡುತ್ತದೆಂದು ಹತ್ತನೆಯ ತರಗತಿಗೆ ಬಂದ ಕೂಡಲೇ ಮೈದಾನ ಬಿಡಿಸುವ ಮನೆಗಳಲ್ಲೂ ಅದನ್ನು ಓದುವವರಿದ್ದಾರೆ. ಅದಕ್ಕೆ ಬೇಕಾದ ಇಲ್ಲಿನ ಪತ್ರಿಕೆಗಳ ವರದಿಗಳನ್ನು, ಪ್ರತಿಷ್ಠಾನದ ಪ್ರಕಟಿತ ಮಾಹಿತಿಯನ್ನು ಒದಗಿಸಲು ನಾನು ಸಿದ್ಧನಿದ್ದೇನೆ.

ಇಂತಿ,
ನಿಮ್ಮ ಓದುಗ,
ಸೇಂಟ್ ಪಾಲ್, ಮಿನ್ನೆಸೋಟ